ಬಿಲ್ಲುಗಾರ ಮಾಡಿದ ದಾಂಡು

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಹಲ್ ಎಂಬ ರೇವುಪಟ್ಟಣವಿದೆ. 1898ರಲ್ಲಿ ಆ ಊರಿನ ಹಳೆಯ ಮನೆಯೊಂದರಲ್ಲಿ ಹಲಗೆ ಹೊಡೆದು ಮುಚ್ಚಿಬಿಟ್ಟಿದ್ದ ಗೋಡೆಗೂಡೊಂದನ್ನು ತೆರೆದಾಗ, ಒಳಗೆ ಎಂಟು ಗಾಲ್ಫ್ ದಾಂಡುಗಳು ಸಿಕ್ಕಿದವು. ಆರು ಮರದ ತಲೆಯವು, ಎರಡು ಕಬ್ಬಿಣದ ತಲೆಯವು. ಅವುಗಳ ಜೊತೆಗೆ 1741ರ ವೃತ್ತಪತ್ರಿಕೆಯೊಂದೂ ಇತ್ತು. ಸ್ಕಾಟ್ಲೆಂಡಿನ ಟ್ರೂನ್ ಊರಿನ ಗಾಲ್ಫ್ ಸಂಘದ ವಶಕ್ಕೆ ಬಂದದ್ದರಿಂದ ಅವಕ್ಕೆ ಟ್ರೂನ್ ದಾಂಡುಗಳೆಂದೇ ಹೆಸರಾಯಿತು. ಜಗತ್ತಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಗಾಲ್ಫ್ ದಾಂಡುಗಳ ಸಾಲಿನಲ್ಲಿ ಅವು ನಿಲ್ಲುತ್ತವೆ. ಅವುಗಳ ಚಿತ್ರವನ್ನು ಇಂದಿನ ಆಟಗಾರನೊಬ್ಬನ ಚೀಲದ ಪಕ್ಕದಲ್ಲಿಟ್ಟು ನೋಡಿದರೆ, ಎರಡೂ ಒಂದೇ ಆಟಕ್ಕೆ ಸೇರಿದವೆಂದು ನಂಬುವುದೇ ಕಷ್ಟ. ಮೊದಲನೆಯದು ಬಡಗಿಯ ಮನೆಯಿಂದ ಬಂದದ್ದು. ಎರಡನೆಯದು ವಿಮಾನದ ಕಾರ್ಖಾನೆಯಿಂದ ಬಂದಂತೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ಆಡುವ ಕೋಲಿಗೂ ಕ್ಲಬ್ಬೆಂದೇ ಹೆಸರು, ಆಡುವವರು ಕೂಡುವ ಸಂಘಕ್ಕೂ ಕ್ಲಬ್ಬೆಂದೇ ಹೆಸರು. ನಮಗೆ ಆ ಗೊಂದಲ ಬೇಡ. ಚಿನ್ನಿದಾಂಡು ಆಡಿದ ಜನ ನಾವು. ಕೋಲನ್ನು ದಾಂಡೆಂದೂ, ಕೂಟವನ್ನು ಸಂಘವೆಂದೂ ಕರೆದರೆ ಸಾಕು.

ಈ ದಾಂಡನ್ನು ಮೊದಮೊದಲು ಮಾಡಿದವನು ಯಾರು? ಚರಿತ್ರೆ ಕೊಡುವ ಉತ್ತರದಲ್ಲಿ ಒಂದು ವಿನೋದವಿದೆ. 1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನ ಕಾಲದ ಸಂಸತ್ತು, ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಿ ಶಾಸನ ಮಾಡಿತು. ಇಂಗ್ಲೆಂಡಿನೊಡನೆ ಯುದ್ಧ ಯಾವಾಗ ಬೇಕಾದರೂ ಬರಬಹುದಾದ ಕಾಲ. ಊರಿನ ಗಂಡಸರು ಬಿಲ್ಲು ಹಿಡಿದು ಅಭ್ಯಾಸ ಮಾಡಬೇಕಾದ ಹೊತ್ತಿನಲ್ಲಿ ಬಯಲಿಗೆ ಹೋಗಿ ಚೆಂಡು ಹೊಡೆಯುತ್ತಿದ್ದರೆಂಬುದೇ ಆಕ್ಷೇಪಣೆ. 1471ರಲ್ಲಿ ಮತ್ತೊಮ್ಮೆ, 1491ರಲ್ಲಿ ಇನ್ನೊಮ್ಮೆ ಅದೇ ನಿಷೇಧವನ್ನು ಸಾರಬೇಕಾಯಿತು. ಒಂದೇ ಕಾನೂನನ್ನು ಮೂರು ಸಲ ಸಾರಿದರೆಂದರೆ ಜನ ಅದನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1502ರಲ್ಲಿ ಇಂಗ್ಲೆಂಡಿನೊಡನೆ ಶಾಂತಿಯ ಒಪ್ಪಂದವಾಯಿತು. ಅದೇ ವರ್ಷದ ಅರಮನೆಯ ಲೆಕ್ಕಪತ್ರದಲ್ಲಿ, ದೊರೆ ನಾಲ್ಕನೆಯ ಜೇಮ್ಸನಿಗಾಗಿ ಗಾಲ್ಫ್ ದಾಂಡುಗಳನ್ನು ಕೊಂಡುದಕ್ಕೆ 14 ಷಿಲಿಂಗು ಕೊಟ್ಟ ದಾಖಲೆಯಿದೆ. ಹಣ ಪಡೆದವನು ಪರ್ತ್ ಊರಿನ ಒಬ್ಬ ಬಿಲ್ಲುಗಾರ! ಬಿಲ್ವಿದ್ಯೆಗೆ ಶತ್ರುವೆಂದು ನಿಷೇಧಿಸಿದ ಆಟಕ್ಕೆ ಉಪಕರಣ ಒದಗಿಸಿದವನು ಬಿಲ್ಲು ಮಾಡುವವನೇ. 1603ರಲ್ಲಿ ಆರನೆಯ ಜೇಮ್ಸ್ ತನ್ನ ದಾಂಡುಗಳ ತಯಾರಿಕೆಗೆ ನೇಮಿಸಿಕೊಂಡ ವಿಲಿಯಂ ಮೇನ್ ಎಂಬಾತನೂ ಎಡಿನ್‌ಬರೋದ ಬಿಲ್ಲುಗಾರನೇ ಆಗಿದ್ದ. ವಿಚಾರ ಮಾಡಿದರೆ ಇದು ಸಹಜವೇ. ಯಾವ ಮರ ಬಾಗಿ ಮುರಿಯದೆ ಮತ್ತೆ ನೆಟ್ಟಗಾಗುತ್ತದೆ, ಮರದ ನಾರು ಯಾವ ಕಡೆ ಓಡುತ್ತದೆ, ಎಲ್ಲಿ ಕೆತ್ತಿದರೆ ಬಳುಕು ಹೆಚ್ಚುತ್ತದೆ ಎಂಬುದನ್ನು ಬಿಲ್ಲುಗಾರನಿಗಿಂತ ಬಲ್ಲವರು ಯಾರಿದ್ದರು?

ಆ ಕಾಲದ ಮರದ ದಾಂಡಿನ ತಲೆ ಉದ್ದವಾಗಿ, ಕಿರಿದಾಗಿ, ಕೊಕ್ಕಿನಂತೆ ಮುಂದಕ್ಕೆ ಚಾಚಿರುತ್ತಿತ್ತು. ಬೀಚ್, ಸೇಬು, ಪೇರ್ ಮುಂತಾದ ಮರಗಳಿಂದ ತಲೆಯನ್ನು ಕಡೆಯುತ್ತಿದ್ದರು. ಹಿಡಿಯ ಕೋಲಿಗೆ ಆಶ್ ಅಥವಾ ಹೇಜಲ್ ಮರ. ತಲೆಯ ಕುತ್ತಿಗೆಯನ್ನೂ ಕೋಲಿನ ತುದಿಯನ್ನೂ ಓರೆಯಾಗಿ ಸೀಳಿ, ಒಂದರ ಮೇಲೊಂದಿಟ್ಟು, ಸರೇಸಿನಿಂದ ಅಂಟಿಸಿ, ರಾಳ ಸವರಿದ ದಾರವನ್ನು ಬಿಗಿಯಾಗಿ ಸುತ್ತುತ್ತಿದ್ದರು. ತಲೆಯ ಬೆನ್ನಿನಲ್ಲಿ ಗುಳಿ ಕೊರೆದು ಕರಗಿದ ಸೀಸವನ್ನು ಹೊಯ್ಯುತ್ತಿದ್ದರು. ಅದರಿಂದ ಹೊಡೆತಕ್ಕೆ ತೂಕ ಬರುತ್ತಿತ್ತು. ನೆಲಕ್ಕೆ ತಗಲಿ ಅಂಚು ಸೀಳದಂತೆ ಕೆಳತುದಿಯಲ್ಲಿ ಟಗರಿನ ಕೊಂಬಿನ ಪಟ್ಟಿಯೊಂದನ್ನು ಕೂರಿಸುತ್ತಿದ್ದರು. ಕೈಹಿಡಿಗೆ ಉಣ್ಣೆಬಟ್ಟೆಯ ಮೇಲೆ ಕುರಿಚರ್ಮ. 1743ರಲ್ಲಿ ಥಾಮಸ್ ಮ್ಯಾಥಿಸನ್ ಎಂಬ ಕವಿ ಎಡಿನ್‌ಬರೋದಲ್ಲಿ ಪ್ರಕಟಿಸಿದ 'ದ ಗಾಫ್' ಎಂಬ ಹಾಸ್ಯಮಿಶ್ರಿತ ವೀರಕಾವ್ಯದಲ್ಲಿ ಈ ಆಶ್ ಕೋಲು, ಸೀಸದ ಭಾರ, ಕೊಂಬಿನ ರಕ್ಷೆ ಎಲ್ಲವೂ ಬರುತ್ತವೆ. ಮಹಾಕಾವ್ಯದ ನಾಯಕನ ಕತ್ತಿಯನ್ನು ವರ್ಣಿಸುವ ಧಾಟಿಯಲ್ಲಿ ಕವಿ ತನ್ನ ಆಟಗಾರನ ದಾಂಡನ್ನು ವರ್ಣಿಸಿದ್ದಾನೆ. ಗಾಲ್ಫನ್ನೇ ವಸ್ತುವಾಗಿ ಉಳ್ಳ ಮೊತ್ತಮೊದಲ ಮುದ್ರಿತ ಗ್ರಂಥ ಇದೊಂದು ಕಾವ್ಯವೆಂಬುದು ಸಾಹಿತ್ಯಪ್ರಿಯರಿಗೆ ಸಂತೋಷ ತರಬೇಕಾದ ಸಂಗತಿ.

ಈ ದಾಂಡು ಅಷ್ಟು ನಾಜೂಕಾಗಿದ್ದರೂ ನಡೆಯುತ್ತಿದ್ದುದಕ್ಕೆ ಕಾರಣ ಅಂದಿನ ಚೆಂಡು. ಆ ಚೆಂಡಿನೊಳಗೆ ಇದ್ದದ್ದು ಹಕ್ಕಿಯ ಗರಿ. ನೆನೆಸಿದ ಚರ್ಮದ ತುಂಡುಗಳನ್ನು ಹೊಲಿದು ಚೀಲ ಮಾಡಿ, ಬಿಟ್ಟಿದ್ದ ಸಣ್ಣ ತೂತಿನ ಮೂಲಕ, ಬೇಯಿಸಿದ ಗರಿಗಳನ್ನು ಒಂದು ಟೋಪಿಯ ತುಂಬ ಹಿಡಿಯುವಷ್ಟು ತುರುಕುತ್ತಿದ್ದರು. ಕೈಬಲ ಸಾಲದೆ, ಎದೆಗೆ ಒತ್ತಿಹಿಡಿದ ಕೋಲಿನಿಂದ ಮೈಭಾರ ಬಿಟ್ಟು ತಳ್ಳಬೇಕಾಗಿತ್ತು. ಒಣಗುವಾಗ ಚರ್ಮ ಕುಗ್ಗುತ್ತದೆ, ಗರಿ ಹಿಗ್ಗುತ್ತದೆ. ಎರಡರ ಜಗಳದಲ್ಲಿ ಚೆಂಡು ಕಲ್ಲಿನಂತಾಗುತ್ತದೆ. ಒಬ್ಬ ಕುಶಲಿ ದಿನಕ್ಕೆ ಮೂರು ನಾಲ್ಕು ಚೆಂಡು ಮಾಡಿದರೆ ಹೆಚ್ಚು. ಗರಿಯ ಧೂಳು ಕುಡಿದು ಎದೆರೋಗಕ್ಕೆ ತುತ್ತಾದವರು ಅನೇಕರು. ಹೀಗಾಗಿ ಚೆಂಡಿನ ಬೆಲೆ ಕೆಲವೊಮ್ಮೆ ದಾಂಡಿನ ಬೆಲೆಯನ್ನೂ ಮೀರುತ್ತಿತ್ತು. ಮಳೆಯಲ್ಲಿ ನೆನೆದರೆ ಅದು ಭಾರವಾಗಿ, ಹೊಲಿಗೆ ಬಿಚ್ಚಿ, ಗರಿ ಹಾರಿಹೋಗುತ್ತಿತ್ತು. ಇದು ಉಳ್ಳವರ ಆಟವಾಗಿದ್ದುದಕ್ಕೆ ಚೆಂಡೇ ಮುಖ್ಯ ಕಾರಣ.

ಈ ಯುಗದ ಕೊನೆಯ ದೊಡ್ಡ ದಾಂಡುಗಾರ ಸೇಂಟ್ ಆಂಡ್ರೂಸ್‌ನ ಹ್ಯೂ ಫಿಲ್ಪ್. 1782ರಲ್ಲಿ ಹುಟ್ಟಿ 1856ರಲ್ಲಿ ತೀರಿಕೊಂಡ. ಪಿಟೀಲು ತಯಾರಿಕೆಯಲ್ಲಿ ಸ್ಟ್ರಾಡಿವೇರಿಯಸ್ ಹೇಗೋ ದಾಂಡು ತಯಾರಿಕೆಯಲ್ಲಿ ಫಿಲ್ಪ್ ಹಾಗೆ ಎಂದು ಬಲ್ಲವರು ಹೇಳುವುದುಂಟು. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಎಂಬ ದಾಂಡನ್ನು ಅವನು ಮಾಡಿದರೆ, ಅದರ ಬೆನ್ನಿನ ಇಳುಕಲಿನಲ್ಲಿ ಎಲ್ಲಿಯೂ ಒಂದು ಅನಾವಶ್ಯಕ ಗೆರೆ ಕಾಣದು. ಇಂದು ಅವು ಸಂಗ್ರಹಾಲಯಗಳಲ್ಲಿವೆ.

ಫಿಲ್ಪ್ ಬದುಕಿರುವಾಗಲೇ ಅವನ ಕಲೆಯ ಬುಡಕ್ಕೆ ಕೊಡಲಿಪೆಟ್ಟು ಬಿತ್ತು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮಲಯ ದೇಶದ ಮರದಂಟಿನ ಚೆಂಡು ಬಳಕೆಗೆ ಬಂತು. ಅದರ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಸೇಂಟ್ ಆಂಡ್ರೂಸ್‌ನಲ್ಲಿ ಓದುತ್ತಿದ್ದ ಪ್ಯಾಟರ್‌ಸನ್ ಎಂಬ ವಿದ್ಯಾರ್ಥಿಯ ಮನೆಗೆ ಭಾರತದಿಂದ ಒಂದು ವಿಷ್ಣುವಿನ ವಿಗ್ರಹ ಬಂದಿತಂತೆ. ದಾರಿಯಲ್ಲಿ ಒಡೆಯದಿರಲೆಂದು ಅದರ ಸುತ್ತ ಗಟಾಪರ್ಚಾದ ಚೂರುಗಳನ್ನು ತುಂಬಿದ್ದರಂತೆ. ಹುಡುಗ ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದನಂತೆ. ಕಥೆಯಲ್ಲಿ ಸತ್ಯಾಂಶ ಎಷ್ಟೇ ಇರಲಿ, ವಿಗ್ರಹವನ್ನು ಬಿಟ್ಟು ಅದರ ಹೊದಿಕೆಯ ಮೇಲೆ ಕಣ್ಣಿಟ್ಟ ಆ ಹುಡುಗನ ಭಕ್ತಿ ಯಾವುದರಲ್ಲಿತ್ತೆಂಬುದು ಸ್ಪಷ್ಟ. ಹೊಸ ಚೆಂಡು ಅಗ್ಗ, ಗಟ್ಟಿ, ಒಡೆದರೆ ಕರಗಿಸಿ ಮತ್ತೆ ಮಾಡಬಹುದು. ಸಾಮಾನ್ಯನೂ ಆಟಕ್ಕೆ ಬಂದ.

ಎಲ್ಲರೂ ಇದನ್ನು ಸ್ವಾಗತಿಸಲಿಲ್ಲ. ಸೇಂಟ್ ಆಂಡ್ರೂಸ್‌ನಲ್ಲಿ ಅಲನ್ ರಾಬರ್ಟ್‌ಸನ್ ಆ ಕಾಲದ ಅಪ್ರತಿಮ ಆಟಗಾರ. ಜೀವನೋಪಾಯ ಮಾತ್ರ ಗರಿಚೆಂಡಿನ ತಯಾರಿಕೆ. 1844ರ ಒಂದೇ ವರ್ಷದಲ್ಲಿ ಅವನ ಮನೆಯ ಅಡಿಗೆಕೋಣೆಯಿಂದ 2,456 ಚೆಂಡುಗಳು ಹೊರಬಿದ್ದವು. ಅವನ ಕೈಕೆಳಗೆ ಕೆಲಸ ಕಲಿತವನು ಟಾಮ್ ಮಾರಿಸ್. ಗುರುಶಿಷ್ಯರಿಬ್ಬರೂ ಜೋಡಿಯಾಗಿ ಬಯಲಿಗಿಳಿದರೆ ಎದುರಿಲ್ಲ. ಗಟಾಪರ್ಚಾದ ಚೆಂಡನ್ನು ಮುಟ್ಟಬಾರದೆಂದು ಅಲನ್ ಅವನಿಂದ ಮಾತು ತೆಗೆದುಕೊಂಡಿದ್ದನಂತೆ. ಒಂದು ದಿನ ಆಡುತ್ತಿದ್ದಾಗ ಟಾಮನ ಗರಿಚೆಂಡುಗಳೆಲ್ಲ ಮುಗಿದುಹೋದವು, ಜೊತೆಯಾಟಗಾರ ತನ್ನ ಹೊಸ ಚೆಂಡೊಂದನ್ನು ಕೊಟ್ಟ, ಟಾಮ್ ಹೊಡೆದ. ಸುದ್ದಿ ಅಲನ್‌ನ ಕಿವಿಗೆ ಬಿತ್ತು. ಮಾತಿಗೆ ಮಾತು ಬೆಳೆದು ಶಿಷ್ಯ ಗುರುವಿನ ಮನೆ ಬಿಟ್ಟ. 1851ರಲ್ಲಿ ಟಾಮ್ ಪ್ರೆಸ್ಟ್‌ವಿಕ್‌ಗೆ ಹೊರಟುಹೋದ. ಓಪನ್ ಚಾಂಪಿಯನ್‌ಷಿಪ್ 1860ರಲ್ಲಿ ಆರಂಭವಾದದ್ದು ಅಲ್ಲಿಯೇ. ಟಾಮ್ ಅದನ್ನು ನಾಲ್ಕು ಸಲ ಗೆದ್ದ. ಇತ್ತ ಅಲನ್ ಕೂಡ ಕಾಲಕ್ರಮದಲ್ಲಿ ಹೊಸ ಚೆಂಡಿಗೆ ಶರಣಾಗಿ, 1858ರಲ್ಲಿ ಸೇಂಟ್ ಆಂಡ್ರೂಸ್ ಬಯಲನ್ನು 79 ಹೊಡೆತಗಳಲ್ಲಿ ಮುಗಿಸಿದ. 80ರ ಒಳಗೆ ಅದನ್ನು ಮುಗಿಸಿದವರಲ್ಲಿ ಅವನೇ ಮೊದಲಿಗ. ಮರುವರ್ಷವೇ ತೀರಿಕೊಂಡ. ಅಲನ್‌ನನ್ನು ಹಳೆಯದಕ್ಕೆ ಅಂಟಿಕೊಂಡ ಮೊಂಡನೆಂದು ನಗುವುದು ಸುಲಭ. ಅಡಿಗೆಕೋಣೆಯ ಗರಿಯ ಮೂಟೆಯ ಮೇಲೆ ಸಂಸಾರ ನಿಂತಿದ್ದವನ ಭಯವನ್ನು ನಗೆಗೀಡುಮಾಡಲು ನನಗೆ ಮನಸ್ಸು ಬಾರದು.

ಗಟ್ಟಿ ಚೆಂಡಿನ ಪೆಟ್ಟಿಗೆ ಕೊಕ್ಕಿನ ದಾಂಡುಗಳು ಬಿರುಕುಬಿಟ್ಟವು. ದಾಂಡುಗಾರರು ಮುಖಕ್ಕೆ ಚರ್ಮದ ತೇಪೆ ಹಾಕಿ ನೋಡಿದರು, ಕೊನೆಗೆ ತಲೆಯನ್ನೇ ಮೋಟುಮಾಡಿ ದುಂಡಗೆ ಉಬ್ಬಿಸಿದರು. ಮರವೂ ಬದಲಾಯಿತು. ಅಮೆರಿಕದಿಂದ ಪರ್ಸಿಮನ್ ಬಂತು. ನಮ್ಮ ಕರಿಮರ, ಬೀಡಿ ಎಲೆಯ ಮರಗಳ ಕುಲಕ್ಕೇ ಸೇರಿದ ಗಟ್ಟಿಮರವದು. ಹಿಡಿಕೋಲಿಗೂ ಅಮೆರಿಕದ್ದೇ ಆದ ಹಿಕರಿ ಮರ ಬಂತು. ಚೆಂಡಿನ ವಿಷಯದಲ್ಲಿ ಇನ್ನೊಂದು ಚೋದ್ಯ ಕಂಡುಬಂತು. ನುಣುಪಾದ ಹೊಸ ಚೆಂಡು ಹಾರುತ್ತ ಹಾರುತ್ತ ತಟ್ಟನೆ ಬೀಳುತ್ತಿತ್ತು. ಪೆಟ್ಟು ತಿಂದು ಗಾಯವಾದ ಹಳೆಯ ಚೆಂಡು ನೆಟ್ಟಗೆ ದೂರ ಹೋಗುತ್ತಿತ್ತು. ಒರಟು ಮೈ ಗಾಳಿಯನ್ನು ಹತ್ತಿರ ಹಿಡಿದಿಟ್ಟುಕೊಂಡು ಹಿಂದಿನ ಸೆಳೆತವನ್ನು ಕಡಿಮೆ ಮಾಡುತ್ತದೆಂಬ ಶಾಸ್ತ್ರ ಆಮೇಲೆ ತಿಳಿದದ್ದು. ಆಟಗಾರರು ಮೊದಲೇ ಸುತ್ತಿಗೆ ಹಿಡಿದು ಹೊಸ ಚೆಂಡಿನ ಮೇಲೆ ಗೀರು ಹಾಕತೊಡಗಿದರು. 1905ರಲ್ಲಿ ವಿಲಿಯಂ ಟೇಲರ್ ಸ್ವಾಮ್ಯ ಪಡೆದ ಸಣ್ಣ ಕುಳಿಗಳ ಚೆಂಡು ಇದರ ಫಲ. ಅದಕ್ಕೆ ಮೊದಲೇ, 1898ರಲ್ಲಿ, ಅಮೆರಿಕದ ಕೊಬರ್ನ್ ಹ್ಯಾಸ್ಕೆಲ್ ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ಕಲ್ಪಿಸಿದ್ದ. 1902ರಲ್ಲಿ ಸ್ಯಾಂಡಿ ಹರ್ಡ್ ಅದರಿಂದ ಓಪನ್ ಗೆದ್ದ ಮೇಲೆ ಗಟಾಪರ್ಚಾದ ಕಥೆ ಮುಗಿಯಿತು.

ಹಿಕರಿಯ ದಾಂಡೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಪರಿಚಿತರೊಬ್ಬರ ಮನೆಯ ಅಟ್ಟದಲ್ಲಿ ಕೊಡೆಗಳ ನಡುವೆ ಅದು ಬಿದ್ದಿತ್ತು. ಕಬ್ಬಿಣದ ತಲೆ ತುಕ್ಕು ಹಿಡಿದಿತ್ತು. ಕೋಲು ಮಾತ್ರ ಎಣ್ಣೆ ಕುಡಿದ ಹಾಗೆ ಕಪ್ಪಾಗಿ ಹೊಳೆಯುತ್ತಿತ್ತು. ಬಾಗಿಲು ರಿಪೇರಿಗೆ ಬಂದಿದ್ದ ವಯಸ್ಸಾದ ಬಡಗಿಯ ಕೈಗೆ ಅದನ್ನು ಕೊಟ್ಟೆ. ಅದು ಯಾವ ಆಟದ್ದೆಂದು ಆತ ಕೇಳಲಿಲ್ಲ. ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡಿದ, ಉಗುರಿನಿಂದ ನಾರನ್ನು ಗೀರಿದ, ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದ. "ಬಾಗೋದು ಸರಿ ಸ್ವಾಮಿ, ಇದು ತಿರುಚಿಕೊಳ್ಳುತ್ತೆ. ಹೊಡೆಯೋನು ಇದಕ್ಕೆ ಹೊತ್ತು ಕೊಡಬೇಕು," ಎಂದ. ಹಿಕರಿ ದಾಂಡಿನ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ಅವಸರದಿಂದ ಬೀಸಿದರೆ ಭಾರವಾದ ತಲೆ ಹಿಂದೆ ಉಳಿದು ಕೋಲು ತಿರುಚಿಕೊಳ್ಳುತ್ತದೆ. ಮುಖ ಹೊರಳಿ ಚೆಂಡು ಅಡ್ಡಹಾದಿ ಹಿಡಿಯುತ್ತದೆ. ಅಂದಿನ ಆಟಗಾರರ ಬೀಸು ಇಂದಿನವರದಕ್ಕಿಂತ ಸಾವಧಾನವಾಗಿ, ಮಣಿಕಟ್ಟಿನ ಒಲೆತದಿಂದ ಕೂಡಿ ಸಂಗೀತದ ವಿಳಂಬದಂತೆ ತೋರುವುದಕ್ಕೆ ಅವರ ಕೋಲೇ ಕಾರಣ.

ಒಂದು ಕೋಲಿನಂತೆ ಇನ್ನೊಂದು ಕೋಲಿರುತ್ತಿರಲಿಲ್ಲ. ಆಟಗಾರ ಅಂಗಡಿಯಲ್ಲಿ ಹತ್ತಾರನ್ನು ಬೀಸಿ ನೋಡಿ, ಮನಸ್ಸಿಗೆ ಒಪ್ಪಿದ್ದನ್ನು ಒಂದೊಂದಾಗಿ ಕೂಡಿಸುತ್ತಿದ್ದ. ಆದಕಾರಣ ಅವಕ್ಕೆ ಹೆಸರುಗಳಿದ್ದವು: ಬ್ರಾಸಿ, ಸ್ಪೂನ್, ಕ್ಲೀಕ್, ಮ್ಯಾಷಿ, ನಿಬ್ಲಿಕ್. ವೋಡ್‌ಹೌಸನ ಗಾಲ್ಫ್ ಕಥೆಗಳನ್ನು ಓದಿದವರಿಗೆ ಇವು ಹಳೆಯ ಪರಿಚಯ. ಅಮೆರಿಕದ ಬಾಬಿ ಜೋನ್ಸ್ ತನ್ನ ಪಟರನ್ನು ಕಲ್ಯಾಮಿಟಿ ಜೇನ್ ಎಂದು ಕರೆಯುತ್ತಿದ್ದ; ದೂರ ಹೊಡೆಯುವ ಡ್ರೈವರಿಗೆ ಸರ್ ವಾಲ್ಟರ್ ಸ್ಕಾಟನ ಕಾದಂಬರಿಯ ನಾಯಕಿ ಜೀನಿ ಡೀನ್ಸಳ ಹೆಸರು. 1930ರಲ್ಲಿ ಒಂದೇ ವರ್ಷ ಬ್ರಿಟನ್ ಮತ್ತು ಅಮೆರಿಕದ ನಾಲ್ಕು ಮುಖ್ಯ ಪಂದ್ಯಾವಳಿಗಳನ್ನು ಆತ ಗೆದ್ದದ್ದು ಈ ಹಿಕರಿ ದಾಂಡುಗಳಿಂದ. ಆತ ನಿವೃತ್ತನಾದ ಮೇಲೆ ಅವನ್ನು ಯಂತ್ರದಲ್ಲಿಟ್ಟು ಪರೀಕ್ಷಿಸಿದಾಗ, ಒಂದನ್ನುಳಿದು ಎಲ್ಲವೂ ತೂಗಾಟದಲ್ಲಿ ಒಂದಕ್ಕೊಂದು ಹೊಂದಿಕೊಂಡಿದ್ದವಂತೆ. ಹೊಂದದೆ ಉಳಿದದ್ದು ಆತನಿಗೆ ಸದಾ ಕಾಟ ಕೊಡುತ್ತಿದ್ದ ಮ್ಯಾಷಿ ನಿಬ್ಲಿಕ್. ಯಂತ್ರ ಕಂಡುಹಿಡಿದದ್ದನ್ನು ಅಂಗೈ ಮೊದಲೇ ತಿಳಿದಿತ್ತು.

ಅಷ್ಟರಲ್ಲಿ ಉಕ್ಕು ಬಂದಾಗಿತ್ತು. ಉಕ್ಕಿನ ಕೊಳವೆಯ ಹಿಡಿಗೆ ಅಮೆರಿಕದ ಗಾಲ್ಫ್ ಮಂಡಲಿ 1924ರಲ್ಲಿಯೂ ಸೇಂಟ್ ಆಂಡ್ರೂಸ್‌ನ ಹಿರಿಯರು 1929ರಲ್ಲಿಯೂ ಒಪ್ಪಿಗೆ ಕೊಟ್ಟರು. ಉಕ್ಕು ತಿರುಚಿಕೊಳ್ಳದು, ಸಾವಿರ ಕೋಲು ಮಾಡಿದರೂ ಎಲ್ಲ ಒಂದೇ. ಹೆಸರುಗಳು ಹೋಗಿ ಸಂಖ್ಯೆಗಳು ಬಂದವು. ಮಣಿಕಟ್ಟಿನ ಜಾಣ್ಮೆಯಿಂದ ಮಾಡುತ್ತಿದ್ದ ಅರೆಹೊಡೆತ, ಮುಕ್ಕಾಲು ಹೊಡೆತಗಳ ಬದಲು ಪ್ರತಿಯೊಂದು ದೂರಕ್ಕೂ ಒಂದೊಂದು ದಾಂಡು ಕೊಳ್ಳುವ ಚಪಲ ಹುಟ್ಟಿತು. ಇಪ್ಪತ್ತಕ್ಕೂ ಹೆಚ್ಚು ದಾಂಡು ಹೊರಿಸಿಕೊಂಡು ಹೋಗುವವರು ಕಾಣಿಸಿಕೊಂಡರು. ಕೊನೆಗೆ ಅಮೆರಿಕದಲ್ಲಿ 1938ರಲ್ಲಿಯೂ ಬ್ರಿಟನ್ನಿನಲ್ಲಿ 1939ರಲ್ಲಿಯೂ 14ರ ಮಿತಿ ವಿಧಿಸಬೇಕಾಯಿತು. ಚೀಲ ಹೊರುವ ಹುಡುಗರ ಅಭಿಪ್ರಾಯ ಕೇಳಿದ್ದರೆ ಈ ಕಾನೂನು ಇನ್ನೂ ಬೇಗ ಬರುತ್ತಿತ್ತೋ ಏನೋ.

ಆಮೇಲಿನ ಬದಲಾವಣೆ ಬಂದದ್ದು ಎಂಜಿನಿಯರುಗಳಿಂದ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿ ಒಂದು ಪಟರ್ ಮಾಡಿದ. ಚೆಂಡಿಗೆ ತಗಲಿದಾಗ 'ಪಿಂಗ್' ಎನ್ನುತ್ತಿದ್ದುದರಿಂದ ಅದೇ ಅದರ ಹೆಸರಾಯಿತು. ಅವನ ಉಪಾಯ ಸರಳವಾದದ್ದು: ತಲೆಯ ಲೋಹವನ್ನೆಲ್ಲ ನಡುವೆ ಗುಡ್ಡೆಹಾಕದೆ ಅಂಚುಗಳಿಗೆ ಹಂಚುವುದು. ಹಗ್ಗದ ಮೇಲೆ ನಡೆಯುವವನು ಉದ್ದನೆಯ ಗಳುವನ್ನು ಅಡ್ಡಲಾಗಿ ಹಿಡಿಯುತ್ತಾನಲ್ಲವೆ? ಭಾರ ದೂರ ದೂರಕ್ಕೆ ಹಂಚಿಹೋದಷ್ಟೂ ವಸ್ತು ಸುಲಭವಾಗಿ ಹೊರಳದು. ಹಳೆಯ ದಾಂಡಿನಲ್ಲಿ ಚೆಂಡು ನಡುವಿನಿಂದ ಅರ್ಧ ಅಂಗುಲ ಸರಿದು ತಗಲಿದರೆ ತಲೆ ಹೊರಳುತ್ತಿತ್ತು, ಅಂಗೈ ಜುಮ್ಮೆನ್ನುತ್ತಿತ್ತು, ಚಳಿಯ ಬೆಳಗಿನಲ್ಲಿ ಮೊಣಕೈವರೆಗೂ ನೋವು ಏರುತ್ತಿತ್ತು. ಹೊಸ ದಾಂಡು ಹೊರಳದು, ನೋಯಿಸದು, ಚೆಂಡನ್ನೂ ಹೆಚ್ಚುಕಡಿಮೆ ನೆಟ್ಟಗೆ ಕಳಿಸುತ್ತದೆ. ವ್ಯಾಪಾರಿಗಳು ಈ ಗುಣಕ್ಕೆ ಕ್ಷಮೆ ಎಂದು ಹೆಸರಿಟ್ಟಿದ್ದಾರೆ. ಕ್ಷಮೆಯನ್ನೂ ಅಂಗಡಿಯಲ್ಲಿ ಕೊಳ್ಳಬಹುದಾದ ಕಾಲವಿದು.

1979ರಲ್ಲಿ ಗ್ಯಾರಿ ಆಡಮ್ಸ್ ಎಂಬಾತ ಮರದ ದಾಂಡನ್ನು ಪೊಳ್ಳು ಉಕ್ಕಿನಿಂದ ಮಾಡಿ ಮಾರತೊಡಗಿದ. ಉಕ್ಕಿನ ಊರಾದ ಪಿಟ್ಸ್‌ಬರ್ಗಿನ ಹೆಸರು ಹಿಡಿದು ಜನ ಅದನ್ನು 'ಪಿಟ್ಸ್‌ಬರ್ಗ್ ಪರ್ಸಿಮನ್' ಎಂದು ಕರೆದರು. 1991ರಲ್ಲಿ ಕ್ಯಾಲವೇ ಕಂಪನಿ 190 ಘನ ಸೆಂಟಿಮೀಟರಿನ ಉಕ್ಕಿನ ತಲೆಗೆ ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿ 'ಬಿಗ್ ಬರ್ತಾ'ಳ ಹೆಸರಿಟ್ಟಿತು. 1995ರಲ್ಲಿ ಟೈಟಾನಿಯಂ ಬಂದು ಅದು 250ಕ್ಕೆ ಬೆಳೆಯಿತು. ತೂಕ ಹೆಚ್ಚದೆ ಗಾತ್ರ ಹೆಚ್ಚಿತು. ಗೋಡೆ ತೆಳುವಾಗಿ ಚೆಂಡು ತಗಲಿದಾಗ ಸ್ಪ್ರಿಂಗಿನಂತೆ ಚಿಮ್ಮತೊಡಗಿತು. 2004ರಿಂದ 460 ಘನ ಸೆಂಟಿಮೀಟರಿಗಿಂತ ದೊಡ್ಡದಾಗಬಾರದೆಂದು ಮಿತಿ ಬಂತು. ಮರದ ಡ್ರೈವರಿನಿಂದ ದೊಡ್ಡ ಪ್ರಶಸ್ತಿ ಗೆದ್ದ ಕೊನೆಯವನು ಬರ್ನ್‌ಹಾರ್ಡ್ ಲ್ಯಾಂಗರ್, 1993ರ ಮಾಸ್ಟರ್ಸ್‌ನಲ್ಲಿ. ಹಿಡಿಯಲ್ಲಿಯೂ ಉಕ್ಕಿಗೆ ಗ್ರಾಫೈಟ್ ಸ್ಪರ್ಧಿಯಾಯಿತು. ಅದನ್ನು 1969ರಲ್ಲಿ ರೂಪಿಸಿದ ಫ್ರಾಂಕ್ ಥಾಮಸ್ ಆಗ ಕೆಲಸದಲ್ಲಿದ್ದ ಕಂಪನಿಯ ಹೆಸರು ಶೇಕ್ಸ್‌ಪಿಯರ್. ಮಹಾಕವಿಗೂ ಅದಕ್ಕೂ ಸಂಬಂಧವಿಲ್ಲವಾದರೂ ನಾಟಕೀಯತೆಗೆ ಕೊರತೆಯಿಲ್ಲ: ಮುಂದೆ ಇದೇ ಥಾಮಸ್ ಅಮೆರಿಕದ ಗಾಲ್ಫ್ ಮಂಡಲಿಯ ತಾಂತ್ರಿಕ ನಿರ್ದೇಶಕನಾಗಿ, ಇಂಥ ಹೊಸತುಗಳಿಗೆ ಲಗಾಮು ಹಾಕುವ ಕೆಲಸವನ್ನು ಕಾಲು ಶತಮಾನ ಮಾಡಿದ.

ಒಂದು ಸಣ್ಣ ವಂಚನೆಯನ್ನೂ ಇಲ್ಲಿ ಹೇಳಬೇಕು. ಐವತ್ತು ವರ್ಷಗಳ ಹಿಂದೆ ಏಳನೆಯ ಸಂಖ್ಯೆಯ ಕಬ್ಬಿಣದ ಮುಖ ಸುಮಾರು 38 ಡಿಗ್ರಿ ಹಿಂದಕ್ಕೆ ಓರೆಯಾಗಿರುತ್ತಿತ್ತು. ಇಂದು ಅದೇ ಸಂಖ್ಯೆ ಕೆತ್ತಿದ ಕೆಲವು ದಾಂಡುಗಳಲ್ಲಿ ಓರೆ 30ಕ್ಕಿಂತಲೂ ಕಡಿಮೆ. ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುವುದು ಸಹಜ. ಭಾರವನ್ನು ಕೆಳಕ್ಕೆ ಇಳಿಸಿರುವುದರಿಂದ ಓರೆ ಕಡಿಮೆಯಾದರೂ ಚೆಂಡು ಮೇಲೇಳುತ್ತದೆ, ಆದ್ದರಿಂದ ಹೀಗೆ ಮಾಡಿದ್ದೇವೆ ಎಂದು ತಯಾರಕರು ಸಮಾಧಾನ ಹೇಳುತ್ತಾರೆ. ಅದರಲ್ಲಿ ನಿಜವೂ ಇದೆ. ಆದರೆ ಸೇರಿನ ಗಾತ್ರ ಕಿರಿದುಮಾಡಿ ನಿಮ್ಮ ಹೊಲದಲ್ಲಿ ಇಳುವರಿ ಹೆಚ್ಚಿತು ಎಂದು ರೈತನನ್ನು ಹೊಗಳಿದ ಹಾಗಿದು. ಐವತ್ತು ದಾಟಿದ ಗೃಹಸ್ಥ ತನ್ನ ಪ್ರಾಯದ ದಿನಗಳಿಗಿಂತ ದೂರ ಹೊಡೆದೆನೆಂದು ಹಿಗ್ಗುತ್ತಾನೆ. ಆ ಹಿಗ್ಗಿಗೆ ಅವನು ಬೆಲೆ ತೆತ್ತಿದ್ದಾನೆ, ಇರಲಿ.

ನಿಜವಾದ ತೊಡಕು ಬೇರೆಡೆ ಇದೆ. 1980ರಲ್ಲಿ ಅಮೆರಿಕದ ವೃತ್ತಿಪರರಲ್ಲಿ ಎಲ್ಲರಿಗಿಂತ ದೂರ ಹೊಡೆದವನ ಸರಾಸರಿ 274 ಗಜ. 2023ರಲ್ಲಿ 326 ಗಜ. ವ್ಯಾಯಾಮ, ಶಿಕ್ಷಣ ಎಲ್ಲವೂ ಇದರಲ್ಲಿ ಸೇರಿವೆ. 2000ದ ಸುಮಾರಿಗೆ ಬಂದ, ಎಳೆ ಸುತ್ತದ ಗಟ್ಟಿ ಒಡಲಿನ ಚೆಂಡೂ ಸೇರಿದೆ. ಮನುಷ್ಯ ದಾಂಡನ್ನು ಹಿಗ್ಗಿಸಬಲ್ಲ, ನೆಲವನ್ನು ಹಿಗ್ಗಿಸಲಾರ. ಅಮೆರಿಕದ ಆಗಸ್ಟಾದಲ್ಲಿ ಪ್ರಸಿದ್ಧವಾದ ಹದಿಮೂರನೆಯ ಕುಳಿಯ ಹಾದಿಯನ್ನು 510ರಿಂದ 545 ಗಜಕ್ಕೆ 2023ರಲ್ಲಿ ಉದ್ದ ಮಾಡಿದರು. ಅದಕ್ಕಾಗಿ ನೆರೆಯ ಸಂಘದ ಜಮೀನನ್ನು ಕೊಂಡಿದ್ದರು. ಹಣವುಳ್ಳ ಆಗಸ್ಟಾಕ್ಕೆ ಅದು ಸಾಧ್ಯ. 1876ರಲ್ಲಿ ಸ್ಥಾಪನೆಯಾದ ನಮ್ಮ ಬೆಂಗಳೂರು ಗಾಲ್ಫ್ ಸಂಘದ ಬಯಲಿನ ಸುತ್ತ ಹೈ ಗ್ರೌಂಡ್ಸಿನ ರಸ್ತೆಗಳೂ ಕಟ್ಟಡಗಳೂ ನಿಂತಿವೆ. ಅದು ಯಾವ ಕಡೆಗೆ ಬೆಳೆದೀತು? ಉದ್ದವಾದ ಪ್ರತಿಯೊಂದು ಹಾದಿಗೂ ನೆಲ ಬೇಕು, ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. 2023ರ ಡಿಸೆಂಬರಿನಲ್ಲಿ ಆಟದ ಎರಡು ಆಡಳಿತ ಮಂಡಲಿಗಳೂ ಚೆಂಡಿನ ಓಟವನ್ನೇ ತಗ್ಗಿಸುವ ನಿಯಮವನ್ನು ಪ್ರಕಟಿಸಿದವು. ತಯಾರಕರಲ್ಲಿಯೂ ವೃತ್ತಿಪರ ಆಟಗಾರರಲ್ಲಿಯೂ ಹಲವರು ಅದನ್ನು ವಿರೋಧಿಸಿದರು. ಅಲನ್ ರಾಬರ್ಟ್‌ಸನ್ ಮತ್ತು ಟಾಮ್ ಮಾರಿಸರ ಜಗಳ ಇನ್ನೂ ಮುಗಿದಿಲ್ಲ. ಬಾಣಲೆ ಮಾತ್ರ ದೊಡ್ಡದಾಗಿದೆ.

ಈ ನಡುವೆ ಹಿಕರಿ ದಾಂಡುಗಳನ್ನೇ ಹಿಡಿದು ಆಡುವ ಒಂದು ಪಂಗಡವೂ ಹುಟ್ಟಿಕೊಂಡಿದೆ. ಸ್ಕಾಟ್ಲೆಂಡಿನ ಮಸಲ್‌ಬರೋ ಊರಿನ ಹಳೆಯ ಬಯಲಿನಲ್ಲಿ ಅಂಥ ದಾಂಡುಗಳನ್ನು ಬಾಡಿಗೆಗೆ ಕೊಡುತ್ತಾರೆ. ಚೆಂಡು ಹೋಗುವುದು ಹತ್ತಿರ. ಆದರೆ ಸರಿಯಾಗಿ ತಗಲಿದ ಒಂದು ಹೊಡೆತದ ಸುಖ ದಿನವಿಡೀ ಅಂಗೈಯಲ್ಲಿ ಉಳಿಯುತ್ತದೆಂದು ಆಡಿದವರು ಹೇಳುತ್ತಾರೆ. ಇದರಲ್ಲಿ ಹಳಹಳಿಕೆಯ ಅಂಶವೂ ಇದ್ದೀತು. ಮೊಣಕೈ ನೋವನ್ನು ಹಣ ಕೊಟ್ಟು ಬಾಡಿಗೆಗೆ ತರುವುದನ್ನು ನಮ್ಮ ಬಡಗಿ ಒಪ್ಪಲಾರನೇನೋ.

ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಆಡಿದ್ದನ್ನು ನಿಮ್ಮಲ್ಲಿ ಅನೇಕರು ಬೆಳಗಿನ ಜಾವದಲ್ಲಿ ಎದ್ದು ನೋಡಿದ್ದೀರಿ. ಗಾಲ್ಫ್ ಎಂದರೇನೆಂದು ತಿಳಿಯದವರೂ ನೋಡಿದರು. ಡ್ರೈವರ್ ಹಿಡಿದಾಗ ಆಕೆಯ ಚೆಂಡು ಎದುರಾಳಿಗಳ ಚೆಂಡಿಗಿಂತ ಬಹಳ ಹಿಂದೆ ಬೀಳುತ್ತಿತ್ತು. ಟೈಟಾನಿಯಂ ಎಲ್ಲರ ಕೈಯಲ್ಲಿಯೂ ಇತ್ತು. ಬಲ ಮಾತ್ರ ಒಂದೇ ಸಮನಾಗಿರಲಿಲ್ಲ. ಹಸಿರು ನೆಲದ ಮೇಲೆ, ಹ್ಯೂ ಫಿಲ್ಪ್ ಜೀವಮಾನವೆಲ್ಲ ಕೆತ್ತಿದ ಆ ಪಟರಿನ ಕೆಲಸ ಬಂದಾಗ ಆಕೆ ಹಿಂದೆ ಬಿದ್ದ ಗಜಗಳನ್ನೆಲ್ಲ ಒಂದೊಂದಾಗಿ ವಸೂಲುಮಾಡಿಕೊಳ್ಳುತ್ತಿದ್ದಳು. ನಾಲ್ಕು ದಿನದ ಆಟ ಮುಗಿದಾಗ ನಾಲ್ಕನೆಯವಳಾಗಿ ನಿಂತಳು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.